ಗೋಡೆಗೆ ತೂಗಿದ ರೊಟ್ಟಿ

ನನ್ನ ತಮ್ಮ ಶೋದ್‌ಮೋನ್ ಹದಿನೆಂಟರಲ್ಲಿ ಹಲ್ಲಿಗೆ ಹೆಸರಾದವನು. ಜರಾಫ್ಶಾನ್ ಕಣಿವೆಯ ನಮ್ಮ ಹಳ್ಳಿಯಲ್ಲಿ ಯಾರ ಮನೆ ಮದುವೆಯಾದರೂ ಹೆಣ್ಣುಮಕ್ಕಳ ಎದುರು ಅಕ್ರೋಟನ್ನು ಹಲ್ಲಿನಿಂದಲೇ ಒಡೆದು ತಿರುಳು ಹಂಚುತ್ತಿದ್ದ. ಮನೆಯಲ್ಲಿ ಸುತ್ತಿಗೆ ಇದೆಯಲ್ಲೋ ಎಂದು ನಾನು ರೇಗಿದರೆ, "ಸುತ್ತಿಗೆ ನೋಡಿ ಯಾವ ಹುಡುಗಿ ನಗ್ತಾಳಕ್ಕ?" ಅನ್ನುತ್ತಿದ್ದ.

ಅದೇ ವರ್ಷ ಸೈನ್ಯ ಅವನನ್ನು ಕಡ್ಡಾಯ ಸೇವೆಗೆ ಎಳೆದುಕೊಂಡು ಆಫ್ಘಾನಿಸ್ತಾನದ ಯುದ್ಧಕ್ಕೆ ಕಳಿಸಿತು. ಹೊರಡುವ ಬೆಳಿಗ್ಗೆ ಅಮ್ಮ ತಂದೂರಿನಿಂದ ತೆಗೆದ ಮೊದಲ ರೊಟ್ಟಿಯನ್ನು ಅವನ ಬಾಯಿಗೆ ಹಿಡಿದಳು. ಒಂದು ತುತ್ತು ಕಚ್ಚಿದ. ಉಳಿದದ್ದು ಗೋಡೆಯ ಮೊಳೆಗೇರಿತು. ಹೋದವನು ಬಂದು ಅದೇ ರೊಟ್ಟಿಯನ್ನು ತಿಂದು ಮುಗಿಸಬೇಕು, ಅದು ನಮ್ಮ ಕಡೆಯ ರೂಢಿ. ಅಲ್ಲಿಯವರೆಗೆ ಮಗ ಇನ್ನೂ ದಾರಿಯಲ್ಲೇ ಇದ್ದಾನೆ ಎಂದು ಅಮ್ಮ ನಂಬಿದ್ದಳು. ತವರು ಪಕ್ಕದ ಬೀದಿಯಲ್ಲೇ ಇದ್ದುದರಿಂದ ನಾನು ಆಗಾಗ ಹೋಗಿ ಅದರ ಧೂಳು ಒರೆಸುತ್ತಿದ್ದೆ. ಈ ನಡುವೆ ನನಗೂ ಒಬ್ಬ ಮಗ ಹುಟ್ಟಿದ.

ಮೊನ್ನೆ ಶೋದ್‌ಮೋನ್ ಬಂದ. ಇಪ್ಪತ್ತರ ಹುಡುಗನಿಗೆ ಕಿವಿಯ ಹತ್ತಿರ ನರೆ. ಬಾಗಿಲಿಗೆ ಬೆನ್ನು ಮಾಡಿ ಕೂರಲೊಲ್ಲ. ಅಮ್ಮ ರೊಟ್ಟಿ ಇಳಿಸಿ ಕೈಗಿಟ್ಟಳು. ಕಚ್ಚಿದ ಗುರುತು ಇನ್ನೂ ಹಾಗೇ ಇತ್ತು, ಹಲ್ಲಿನ ಸಾಲು ಕುಡುಗೋಲಿನಂತೆ ಮೂಡಿತ್ತು. ಅವನು ಬಾಯಿ ತೆರೆದಾಗಲೇ ನಾವು ಕಂಡದ್ದು. ಮುಂದಿನ ಹಲ್ಲು ಒಂದೂ ಇರಲಿಲ್ಲ.

ಯಾವ ಶತ್ರು ಹೀಗೆ ಮಾಡಿದ ಎಂದು ಅಮ್ಮ ಶಾಪ ಹಾಕತೊಡಗಿದಳು.

"ಶತ್ರು ಅಲ್ಲಮ್ಮ," ಅಂದ. "ನಮ್ಮ ದಳದವನೇ. ನನಗಿಂತ ಒಂದು ವರ್ಷ ಮುಂಚೆ ಸೇರಿದ್ದ. ಅವನ ಬೂಟು ಒರ್ಸಲ್ಲ ಅಂದೆ. ಬಂದೂಕಿನ ಹಿಂದ್ಗಡೆಯಿಂದ ಬಾಯಿಗೇ ಕೊಟ್ಟ. ಆಮೇಲೆ ಒರೆಸ್ದೆ."

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಮರುವರ್ಷ ನಾನು ಹಳಬ ಆದೆ. ಹೊಸದಾಗಿ ಬಂದವನೊಬ್ಬನಿಗೆ ನಾನೂ ಕೊಟ್ಟೆ."

ನನಗೆ ತೋಚಿದ್ದು ಒಂದೇ. ಒಣಗಿದ ರೊಟ್ಟಿಯನ್ನು ಕಲ್ಲಿನಲ್ಲಿ ಜಜ್ಜಿ ಬಿಸಿ ಹಾಲಿನ ಚಹಾದಲ್ಲಿ ನೆನೆಹಾಕಿದೆ. ನನ್ನ ಮಗನಿಗೆ ನಾನು ಮಾಡುವುದೂ ಹಾಗೆಯೇ. ಮಾವ, ಅಳಿಯ ಇಬ್ಬರೂ ಒಂದೇ ಬಟ್ಟಲಿನಿಂದ ತಿಂದರು. ಶೋದ್‌ಮೋನ್ ಚಮಚ ನೆಕ್ಕಿ ಬಟ್ಟಲು ಕೆಳಗಿಟ್ಟ.

ಅಮ್ಮ ನಿಟ್ಟುಸಿರು ಬಿಟ್ಟಳು. "ಮುಗಿಸ್ದ. ಬಂದ ಹಾಗಾಯ್ತು. ಇನ್ನು ಇವನಿಗೊಂದು ಹೆಣ್ಣು ನೋಡೋಣ."

ಆಮೇಲೆ ನನ್ನ ಮಗನ ತುಟಿ ಸರಿಸಿ, ಹೊಸದಾಗಿ ಮೂಡಿದ ಎರಡು ಹಲ್ಲು ನೋಡಿ ನಕ್ಕಳು. ಆ ಮೊಳೆ ಅಲ್ಲೇ ಇರಲಿ, ಮುಂದೆ ಇವನಿಗೂ ಬೇಕಾಗುತ್ತದೆ ಎಂದಳು.

ನಾನು ಅಕ್ರೋಟು ಒಡೆಯುವ ಸುತ್ತಿಗೆ ತಂದು ಮೊಳೆ ಕಿತ್ತೆ. ಅದರ ಜೊತೆ ಹಿಡಿ ಮಣ್ಣೂ ಉದುರಿತು. ಗೋಡೆ ಹಾಳುಮಾಡಿದೆ, ಮನೆಗೆ ಅಪಶಕುನ ತಂದೆ ಎಂದು ಅಮ್ಮ ಬೈದಳು. ಬೈಯಲಿ ಎಂದು ಮಣ್ಣು ಗುಡಿಸಿದೆ.

ಶೋದ್‌ಮೋನ್ ಇದ್ಯಾವುದನ್ನೂ ನೋಡಲಿಲ್ಲ. ಬಾಗಿಲನ್ನೇ ನೋಡುತ್ತ ಕೂತಿದ್ದ.