ಮಾತಾಡುತ್ತಿದ್ದ ಆ್ಯಂಟಿವೈರಸ್

ಜೆ.ಪಿ. ನಗರದ ಸರೋಜಮ್ಮನವರು ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುವವರು. ಹಳೇ ವಿಂಡೋಸ್ ಕಂಪ್ಯೂಟರ್ ತೀರಾ ನಿಧಾನ ಎಂದು ರಿಪೇರಿಗೆ ನನ್ನನ್ನು ಕರೆದಿದ್ದರು. ಭಾರದ ಆ್ಯಂಟಿವೈರಸ್ ತೆಗೆದು, ಹಗುರವಾದದ್ದೊಂದನ್ನು ಹಾಕಿ, ವಿಂಡೋಸಿನದೇ ಫೈರ್‌ವಾಲ್ ಆನ್ ಮಾಡಿದೆ. ಕಂಪ್ಯೂಟರ್ ಚುರುಕಾಯಿತು.

"ಇದು ಮಾತಾಡಲ್ವಾ ಸಾರ್?" ಎಂದರು.

"ಇಲ್ಲ ಮೇಡಂ, ಸದ್ದಿಲ್ಲದೆ ಕೆಲಸ ಮಾಡುತ್ತೆ."

"ಹಳೇದು ದಿನಾ ಬೆಳಿಗ್ಗೆ ಅಪ್‌ಡೇಟ್ ಆಯ್ತು ಅಂತ ಇಂಗ್ಲಿಷಲ್ಲಿ ಹೇಳ್ತಿತ್ತು. ನಮ್ಮೆಜಮಾನ್ರು ತೀರಿಕೊಂಡ ಮೇಲೆ ಈ ಮನೇಲಿ ನನ್ನ ಬಿಟ್ರೆ ಮಾತಾಡ್ತಿದ್ದಿದ್ದು ಅದೊಂದೇ."

ಹೊಸದರ ಸೆಟ್ಟಿಂಗ್ಸ್ ಎಲ್ಲ ಹುಡುಕಿದೆ. ಅಪ್‌ಡೇಟ್ ಆದಾಗ ಬರುವ 'ಟಿಂಗ್' ಅನ್ನುವ ಸದ್ದೊಂದು ಸಿಕ್ಕಿತು. ಸರೋಜಮ್ಮನವರು ಅದನ್ನು ಎರಡು ಸಲ ಕೇಳಿಸಿಕೊಂಡು, "ಇರ್ಲಿ ಬಿಡಿ, ಇದೇ ಸಾಕು" ಎಂದರು.

ಬನಶಂಕರಿಯ ರೂಮಿಗೆ ಬಂದವನೇ ನನ್ನ ಕಂಪ್ಯೂಟರಿನಲ್ಲೂ ಆ ಸದ್ದು ಆನ್ ಮಾಡಿದೆ. ನಾನೂ ಒಬ್ಬನೇ ಇರುವವನು. ಪರೀಕ್ಷೆ ಮಾಡಿ ನೋಡುವುದರಲ್ಲಿ ತಪ್ಪೇನಿಲ್ಲ.