ನಾಲ್ಕು ಜೋಲಿ, ಮಧ್ಯಾಹ್ನದ ಮೋಟಾರು

ಒಂದು ಸುಳ್ಳನ್ನು ನಾನು ಐವತ್ತು ವರ್ಷ ತಿದ್ದದೆ ಇಟ್ಟುಕೊಂಡೆ. ಮೂರೇ ಮಾತಿನ ಸಣ್ಣ ಸುಳ್ಳು. ಹೇಳಿದ್ದು ನನ್ನ ಅಕ್ಕನಿಗೆ. ಹೇಳಿದ ಸಂಜೆಯೇ ತಿದ್ದಬಹುದಿತ್ತು, ಮರುದಿನವಂತೂ ತಿದ್ದಲೇಬೇಕಿತ್ತು. ತಿದ್ದಲಿಲ್ಲ. ಅದರ ಭಾರವನ್ನು ಅಕ್ಕ ತನ್ನ ತಪ್ಪೆಂದೇ ತಿಳಿದು ಹೊತ್ತಳು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಮೊನ್ನೆ ಅದನ್ನು ಕೆದಕಿದ್ದು ಬಟ್ಟೆ ಸೋಡಾದ ವಾಸನೆ. ನಮ್ಮ ನರಗುಂದದ ಮನೆಯ ಹಿತ್ತಲಲ್ಲಿ ಸೊಸೆ ಬಿಸಿನೀರಿಗೆ ಸೋಡಾ ಕಲಸಿ, ನನ್ನ ಟ್ರಂಕಿನಿಂದ ತೆಗೆದ ಒಂದು ಸಣ್ಣ ಕೌದಿಯನ್ನು ಅದರಲ್ಲಿ ಅದ್ದಲು ಹೊರಟಿದ್ದಳು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ, ಕೂಸಿಗೆ ಹೊದಿಸುವ ಕೌದಿ. "ಒಗೀಬ್ಯಾಡ!" ಎಂದು ನಾನು ಕೂಗಿದ ರೀತಿಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

"ವಾಸನಿ ಹಿಡದೈತ್ರಿ ಅತ್ತಿ," ಅಂದಳು ಸೊಸೆ.

"ಹಿಡೀಲಿ."

"ಈ ಮಾತು ನೀವು ಅಂತೀರಿ? ನೀವು?"

ಅವಳ ಆಶ್ಚರ್ಯಕ್ಕೆ ಕಾರಣವಿದೆ. ನಾನು ಒಗೆದದ್ದನ್ನೇ ಒಗೆಯುವ ಹೆಂಗಸು. ನನ್ನ ಗಂಡ ಇದ್ದಾಗ, "ಒಂದಿನ ನನ್ನೂ ಕಲ್ಲಿಗೆ ಕುಕ್ಕಿ ಒಗದ ಬಿಡ್ತೀ," ಅನ್ನುತ್ತಿದ್ದರು. ಈ ಹುಚ್ಚು ನನಗೆ ಎಳವೆಯಲ್ಲೇ ಹತ್ತಿತ್ತು. ಕನ್ನಡ ಸಾಲಿಯ ಮೂರನೇ ಇಯತ್ತೆಗೆ ನನ್ನನ್ನು ಬಿಡಿಸಿದರು. ಕಲಿತದ್ದು ನಾಲ್ಕು ಅಕ್ಷರ, ಒಂದಿಷ್ಟು ಲೆಕ್ಕ, ಮತ್ತೆ ಉಗುರಲ್ಲಿ ಮಣ್ಣಿರಬಾರದು ಎನ್ನುವ ಪಾಠ. ಮೊದಲಿನ ಎರಡು ಅರ್ಧ ಮರೆತುಹೋದವು. ಮೂರನೆಯದು ಮಾತ್ರ ಗಟ್ಟಿಯಾಗಿ ಉಳಿಯಿತು. ಅದು ಕಡಿಮೆ ಉಳಿದಿದ್ದರೆ ಚಲೋ ಇತ್ತು ಅಂತ ಈಗ ಅನಿಸುತ್ತದೆ.

ಅಕ್ಕನನ್ನು ರೋಣಕ್ಕೆ ಕೊಟ್ಟಿದ್ದರು. ಹತ್ತಿ ಬೆಳೆಯುವ ಮನೆತನ. ಮದುವೆಯಾಗಿ ಎಂಟು ವರ್ಷಕ್ಕೆ ಅವಳಿಗೆ ಮೊದಲ ಬಸಿರು ನಿಂತಿತು. ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಹಿರಿಯರು ಕಟ್ಟೆಯ ಮೇಲೆ ಅದರ ಮಾತಾಡುತ್ತಿದ್ದರು. ನಮ್ಮ ಮನೆಯ ಹೆಂಗಸರಿಗೆ ಅಕ್ಕನ ಹೊಟ್ಟೆಯ ಮುಂದೆ ಯಾವ ರಾಜ್ಯವೂ ಕಾಣುತ್ತಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಹತ್ತಿ ಒಡೆಯುತ್ತದೆ. ಬಿಡಿಸಲು ಬರುವ ಹೆಂಗಸರು ಕೂಸುಗಳನ್ನು ಹೊಲದ ಬದುವಿನ ಬೇವಿನ ಗಿಡಕ್ಕೆ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಆ ವರ್ಷ ಯಲ್ಲವ್ವ ಎಂಬಾಕೆಯ ಆರು ತಿಂಗಳ ಹುಡುಗಿಗೆ ಜೋಲಿಯಲ್ಲಿ ಕೆಂಜಿಗದ ಇರುವೆ ಮುತ್ತಿ ಮೈಯೆಲ್ಲ ಬಾತಿತು. ಬುತ್ತಿ ಕೊಡಲು ಹೋಗಿದ್ದ ಅಕ್ಕ ಅದನ್ನು ಕಂಡವಳೇ, "ನಾಳಿಂದ ಕೂಸುಗೋಳನ್ನ ನಮ್ಮ ಪಡಸಾಲಿಯಾಗ ಬಿಟ್ಟು ಹೋಗ್ರಿ," ಎಂದು ಹೇಳಿ ಬಂದುಬಿಟ್ಟಳು. ಆಗ ಅವಳಿಗೆ ಏಳು ತಿಂಗಳು ತುಂಬುತ್ತಿತ್ತು.

ಅವಳ ಅತ್ತೆ ಹೌಹಾರಿದರು. ಕೆಟ್ಟವರಲ್ಲ ಅವರು. ಮೊಮ್ಮಗನ ಆಸೆಗೆ ಎಂಟು ವರ್ಷ ಉಪವಾಸ ಮಾಡಿದ ಹೆಂಗಸು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. "ಎತ್ತೂದು ಇಳಸೂದು ಎಲ್ಲಾ ನಿನ್ನ ತಂಗಿ ಬಂದು ಮಾಡಬೇಕು. ನೀ ಕುಂತಲ್ಲೇ ಹಗ್ಗಾ ಜಗ್ಗು. ಒಂದು ಕೂಸು ನಿನ್ನ ಬಗಲಾಗ ಕಂಡ್ರ ಆವತ್ತ ಜೋಲಿ ಇಳಸ್ತೀನಿ ನೋಡು!"

ಹೀಗೆ ಹದಿನಾರು ವರ್ಷದ ನಾನು ಒಂದು ಗಂಟು ಹಿಡಿದು ನರಗುಂದದಿಂದ ರೋಣಕ್ಕೆ ಬಂದೆ. ನನ್ನ ಕೆಲಸ ಇಷ್ಟೇ: ಅಕ್ಕ ಭಾರ ಎತ್ತದಂತೆ ನೋಡುವುದು.

ಅಕ್ಕನ ಪಡಸಾಲೆ ನೋಡಬೇಕಿತ್ತು ನೀವು. ತೊಲೆಗೆ ಸಾಲಾಗಿ ನಾಲ್ಕು ಜೋಲಿ. ನಡುವೆ ಗೋಡೆಗೆ ಒರಗಿ ಕೂತ ಅಕ್ಕ. ಒಂದೊಂದು ಜೋಲಿಯಿಂದ ಒಂದೊಂದು ಹಗ್ಗ, ಎರಡು ಅವಳ ಎರಡು ಕೈಗೆ, ಎರಡು ಅವಳ ಎರಡು ಕಾಲಿನ ಹೆಬ್ಬೆರಳಿಗೆ. ನಾಲ್ಕೂ ಒಂದೇ ತಾಳಕ್ಕೆ ತೂಗುತ್ತಿದ್ದವು. ನಡೆಯುವ ಮಕ್ಕಳು ಮೂರು ಇದ್ದವು, ಅವಳ ಹೊಟ್ಟೆಗೆ ಕಿವಿ ಇಟ್ಟು, "ಒಳಗ ಯಾರಿದ್ದೀ? ಹೊರಗ ಬಾ, ಆಡೂಣು," ಎಂದು ಕೂಗುತ್ತಿದ್ದವು. ಅಕ್ಕ ನಗುತ್ತಿದ್ದಳು. ನಕ್ಕಾಗ ನಾಲ್ಕೂ ಹಗ್ಗ ನಡುಗಿ ನಾಲ್ಕೂ ಕೂಸು ಎಚ್ಚರಾಗುತ್ತಿದ್ದವು. ಆಗ ನನ್ನ ಕೆಲಸ ಶುರು.

ಜೋಲಿಯದೊಂದು ನೇಮವಿತ್ತು. ಪ್ರತಿ ತಾಯಿ ತಾನು ಉಟ್ಟು ಬಿಟ್ಟ ಸೀರೆಯನ್ನೇ ತನ್ನ ಕೂಸಿನ ಜೋಲಿಗೆ ಕೊಡಬೇಕು. ಒಬ್ಬಳ ಸೀರೆಯಲ್ಲಿ ಇನ್ನೊಬ್ಬಳ ಕೂಸು ಮಲಗಿಸುವಂತಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹೇಳಬೇಕಾದ ಮಾತು ಅಂತ ಅಲ್ಲಿ ಯಾರಿಗೂ ಅನಿಸಿರಲಿಲ್ಲ. ಅದೇ ಸೀರೆಗಳಿಂದ ಒಂದೊಂದು ತುಂಡು ಕೇಳಿ ಪಡೆದು ಅಕ್ಕ ತನ್ನ ಕೂಸಿಗೆ ಕೌದಿಯನ್ನೂ ಹೊಲಿಯುತ್ತಿದ್ದಳು.

ನನಗೆ ಕಂಡದ್ದು ಬರೀ ವಾಸನೆ. ಹುಳಿತ ಹಾಲು, ಬೆವರು, ಹತ್ತಿಯ ಧೂಳು, ಉಚ್ಚೆ. ಒಂದು ದಿನ ಬಳೆಗಾರ್ತಿ ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದು, "ಏನವಾ, ಮನೀನೋ ದೊಡ್ಡಿನೋ?" ಅಂದುಬಿಟ್ಟಳು. ನನ್ನ ಮುಖ ಕೆಳಗಾಯಿತು. ಅಕ್ಕ ಮಾತ್ರ, "ದೊಡ್ಡಿನ. ನಾಕು ಕರಾ ಅದಾವ, ಒಂದು ಬರೂದೈತಿ. ಕುಂದ್ರು ಬಾ," ಅಂದಳು.

ಅದೇ ವಾರ ನನಗೆ ಇನ್ನೊಂದು ಆಸೆ ಹುಟ್ಟಿತು. ಪಕ್ಕದ ಮನೆಯ ಗಂಗಮ್ಮ ಹೊಳೆಆಲೂರಿಗೆ ಹೋಗಿ ಅಲ್ಲಿಂದ ರೈಲು ಹಿಡಿದು ತವರಿಗೆ ಹೊರಟಿದ್ದಳು. ನಾನು ಅಲ್ಲಿವರೆಗೆ ರೈಲು ನೋಡಿರಲಿಲ್ಲ. ಅಕ್ಕನ ಅತ್ತೆ ಆವತ್ತು ಹೆರಿಗೆ ಸುಸೂತ್ರವಾಗಲಿ ಎಂದು ಬೇಡಿಕೊಳ್ಳಲು ಇಟಗಿ ಭೀಮವ್ವನ ಗುಡಿಗೆ ಹೋಗುವವರಿದ್ದರು, ಮರುದಿನ ಸಂಜೆಗೆ ಬರುವುದು. ಭಾವ ಹೊಲದಲ್ಲಿ. ಹೋಗಲು ಇದಕ್ಕಿಂತ ಒಳ್ಳೆಯ ದಿನವಿರಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. "ಮುಂಜಾನಿ ಮೋಟಾರಿಗೆ ಹೋಗು, ಮಧ್ಯಾಹ್ನದ ಮೋಟಾರಿಗೆ ಬಂದುಬಿಡು. ಅಷ್ಟೊತ್ತನಕ ಹ್ಯಾಂಗರೆ ಮಾಡ್ತೀನಿ. ಅತ್ತಿಗೆ ಹೇಳಬ್ಯಾಡ ಮತ್ತ." ಮೋಟಾರಿನ ಕಂಡಕ್ಟರು ನಮ್ಮ ಓಣಿಯವನೇ ಆದ್ದರಿಂದ ಒಬ್ಬಳೇ ಮರಳುವುದಕ್ಕೂ ಅಡ್ಡಿಯಿರಲಿಲ್ಲ.

ಅವಳ ಉಪಕಾರ ತೀರಿಸಬೇಕು ಎಂದುಕೊಂಡೆ. ಹಿಂದಿನ ಸಂಜೆ ತಾಯಂದಿರು ಕೂಸುಗಳನ್ನು ಒಯ್ದ ಮೇಲೆ, ಅಕ್ಕ ಒಳಗೆ ಅಡ್ಡಾಗಿದ್ದಾಗ, ನಾಲ್ಕೂ ಜೋಲಿ ಬಿಚ್ಚಿ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿದೆ. ಕುಕ್ಕಿ ಒಗೆದೆ. ಮುಂಜಾನೆ ಒಣಗಿದ ಸೀರೆಗಳನ್ನು ಮತ್ತೆ ತೊಲೆಗೆ ಕಟ್ಟಿ, ಮೂಸಿ ನೋಡಿ, ಬೀಗಿದೆ. ಶುದ್ಧ ಅರಿವೆಯಲ್ಲಿ ಕೂಸುಗಳು ಗಡದ್ದಾಗಿ ಮಲಗುತ್ತವೆ, ಅಕ್ಕನಿಗೆ ಆರಾಮ. ಹೀಗೆಂದು ನಂಬಿ, ಅವಳು ನೋಡುವ ಮೊದಲೇ ಮೋಟಾರು ಹತ್ತಿದೆ.

ಹೊಳೆಆಲೂರಿನಲ್ಲಿ ರೈಲು ತಡವೆಂದರು. ನಾನೂ ಗಂಗಮ್ಮನೂ ಸ್ಟೇಶನ್ನಿನ ಕಲ್ಲಿನ ಮೇಲೆ ಕೂತೆವು. ಹೊತ್ತು ನೆತ್ತಿಗೆ ಬಂತು. ಹೊರಗೆ ಮಧ್ಯಾಹ್ನದ ಮೋಟಾರು ಬಂದು ನಿಂತಿತು. ಕಂಡಕ್ಟರು ಗೇಟಿನ ತನಕ ಬಂದು, "ಬಾರವಾ ತಂಗಿ, ಜಾಗಾ ಐತಿ," ಎಂದು ಕರೆದ.

"ಹೋಗವಾ. ನಿಮ್ಮಕ್ಕ ಒಬ್ಬಾಕಿ ಅದಾಳ," ಅಂದಳು ಗಂಗಮ್ಮ.

"ಕೂಸುಗೋಳು ಮಲಗಿರ್ತಾವ. ಸಂಜಿ ಮೋಟಾರಿಗೆ ಹೋಗ್ತೀನಿ," ಅಂದೆ.

ಕಂಡಕ್ಟರು ಎರಡು ಸಲ ಹಾರ್ನ್ ಹೊಡೆಸಿದ. ನಾನು ತಿರುಗಿ ಹಳಿಯ ಕಡೆ ನೋಡಿದೆ. ಬಹಳ ಹೊತ್ತಿನ ಮೇಲೆ ರೈಲು ಬಂತು. ಕರಿಯದು, ದೊಡ್ಡದು, ಎದೆ ನಡುಗಿಸುವಂಥದು. ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ನಿಂತು, ಗಂಗಮ್ಮನನ್ನು ಕರೆದುಕೊಂಡು ಹೋಯಿತು. ಅಷ್ಟೇ. ಆಮೇಲೆ ಎಷ್ಟೋ ಸಲ ರೈಲು ಹತ್ತಿದ್ದೇನೆ. ಒಮ್ಮೆಯೂ ಅದರಲ್ಲಿ ಸುಖವಾಗಿ ಕೂತಿಲ್ಲ.

ಸಂಜೆ ರೋಣದ ಓಣಿಯ ತುದಿಗೇ ಅಳು ಕೇಳಿಸಿತು. ಪಡಸಾಲೆಯಲ್ಲಿ ನಾಲ್ಕು ಜೋಲಿ ಬೆಳ್ಳಗೆ, ಖಾಲಿ ತೂಗುತ್ತಿದ್ದವು. ಅಕ್ಕ ಎರಡೂ ಬಗಲಲ್ಲಿ ಎರಡು ಕೂಸು ಹೊತ್ತು ಅಡ್ಡಾಡುತ್ತಿದ್ದಳು. ಇನ್ನೆರಡು ನೆಲದ ಮೇಲೆ ಚೀರುತ್ತಿದ್ದವು. ಮುಂಜಾನೆಯಿಂದ ಹಾಗೆಯೇ, ಎರಡನ್ನು ಇಳಿಸಿ ಎರಡನ್ನು ಎತ್ತಿ, ಎತ್ತಿ ಇಳಿಸಿ. ಅವಳ ಕಾಲು ಬಾತಿದ್ದವು. ತುಟಿ ಒಣಗಿತ್ತು.

"ರೈಲು ನೋಡಿದೀ?" ಎಂದು ಕೇಳಿದಳು ಮೊದಲು. ಆಮೇಲೆ, "ಯಾಕ ತಡಾ ಆತು?"

"ಮೋಟಾರು ಕೆಟ್ಟಿತ್ತು, ಅಕ್ಕಾ," ಅಂದೆ.

ಅಷ್ಟರಲ್ಲಿ ತಾಯಂದಿರು ಬಂದರು. ಯಲ್ಲವ್ವ ಅಕ್ಕನ ಬಗಲಿನಿಂದ ತನ್ನ ಹುಡುಗಿಯನ್ನು ತೆಗೆದುಕೊಂಡು ಮುಖಕ್ಕೆ ಸೆರಗು ಹೊದಿಸಿದಳು. ಹುಡುಗಿ ಎರಡು ಸಲ ಬಿಕ್ಕಿ ಅಲ್ಲೇ ನಿದ್ದೆಹೋಯಿತು. ಯಲ್ಲವ್ವ ಜೋಲಿಯನ್ನು ಹಿಡಿದು ಮೂಸಿ, "ಇದು ನನ್ನ ಸೀರಿ ಅಲ್ಲ," ಅಂದಳು.

"ನಿಂದ ಐತೆವಾ. ನಾನ ಒಗದೆ. ನನಗ ತಿಳೀಲಿಲ್ಲ," ಅಂದಳು ಅಕ್ಕ, ನನ್ನ ಕಡೆ ನೋಡದೆ.

ಆಗ ನನಗೆ ಆ ನೇಮ ತಿಳಿಯಿತು. ಹೊಲಕ್ಕೆ ಹೋದ ತಾಯಂದಿರು ದಿನವಿಡೀ ಆ ಜೋಲಿಗಳಲ್ಲಿ ಇರುತ್ತಿದ್ದರು. ನಾನು ಅವರನ್ನು ಸೋಡಾ ಹಾಕಿ ತೊಳೆದು ಕಳಿಸಿದ್ದೆ.

ಮರುದಿನ ಬೆಳಗಿನ ಹೊತ್ತಿಗೆ ಅಕ್ಕನಿಗೆ ಬೇನೆ ಎದ್ದಿತು. ಎಂಟನೆಯ ತಿಂಗಳ ಗಂಡುಕೂಸು, ಅಂಗೈಯಗಲ ಎದೆ. ಹಾಲು ಜಗ್ಗುವ ತ್ರಾಣವಿರಲಿಲ್ಲ. ಹೊರಗೆ ಮಧ್ಯಾಹ್ನದ ಮೋಟಾರು ಹೋಗುವ ಹೊತ್ತಿಗೆ ಸುಮ್ಮನಾಯಿತು. "ಎತ್ತಿದ್ದಕ್ಕ ಹಿಂಗಾತು ಅಂತ ಹೇಳಾಕ ಬರೂದಿಲ್ಲ, ಕೆಲವು ಹಿಂಗ ಬರ್ತಾವ, ಹಿಂಗ ಹೋಗ್ತಾವ," ಅಂದಳು ಸೂಲಗಿತ್ತಿ. ಖರೇ ಇರಬಹುದು. ಆ ಮಾತನ್ನು ಹಿಡಿದು ನಾನು ಎಷ್ಟೋ ವರ್ಷ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಸಂಜೆ ಅತ್ತೆ ಬಂದರು. ಭೀಮವ್ವನ ಪ್ರಸಾದ ಇನ್ನೂ ಸೆರಗಿನ ಗಂಟಿನಲ್ಲಿತ್ತು. ಬಾಗಿಲಲ್ಲೇ ಕೂತುಬಿಟ್ಟರು. ಅತ್ತು ಮುಗಿದ ಮೇಲೆ ಕೇಳಿದರು, "ಯಾರು ಎತ್ತಿದ್ರು?"

ಹಾಸಿಗೆಯಿಂದ ಅಕ್ಕ ಅಂದಳು, "ನಾನ ಎತ್ತಿದೆನ್ರಿ. ತಂಗಿ ಬ್ಯಾಡ ಬ್ಯಾಡ ಅಂದ್ಲು. ನಾ ಕೇಳಲಿಲ್ಲ."

ನಾನು ಒಳಬಾಗಿಲಿಗೆ ಒರಗಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅತ್ತೆ ಎದ್ದು ನಾಲ್ಕೂ ಜೋಲಿ ಬಿಚ್ಚಿ ಮಡಿಸಿ ಅವರವರಿಗೆ ಕಳಿಸಿಕೊಟ್ಟರು. ಕೂಸುಗಳು ಮತ್ತೆ ಬೇವಿನ ಗಿಡಕ್ಕೆ ಹೋದವು. ನಾನು ನರಗುಂದಕ್ಕೆ ಮರಳುವವರೆಗೆ ಆ ಕಂಡಕ್ಟರನನ್ನು ಕಂಡರೆ ಹಿತ್ತಲಿಗೆ ಓಡುತ್ತಿದ್ದೆ. ಅವನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಸುಳ್ಳು ಬದುಕಿದ್ದು ಹಾಗೆ.

ಮೂರು ವರ್ಷಕ್ಕೆ ಅಕ್ಕನಿಗೆ ಒಬ್ಬ ಮಗಳು ಹುಟ್ಟಿದಳು, ದುಂಡಗೆ, ಗಟ್ಟಿಯಾಗಿ. ಭಾವ ಗಜೇಂದ್ರಗಡಕ್ಕೆ ಹೋಗಿ ಮಗ್ಗ ಹಾಕಿ ನಿಂತರು. ಆ ಹಳೆಯ ಕೌದಿಯನ್ನು ಅಕ್ಕ ಹೊಲಿದು ಮುಗಿಸಿದ್ದಳು. ತನ್ನ ಮಗಳಿಗೆ ಹೊದಿಸಲಿಲ್ಲ. ನನ್ನ ಚೊಚ್ಚಿಲ ಮಗನಿಗೆ ತಂದು ಕೊಟ್ಟಳು. ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಸುಳ್ಳೂ ಸವೆದು ಹೋಗುತ್ತಿತ್ತೇನೋ. ಆದರೆ ಅಕ್ಕ ಪ್ರತಿ ಭೇಟಿಯಲ್ಲೂ ಒಮ್ಮೆ ಅನ್ನುತ್ತಿದ್ದಳು, "ನಾನ ನಿನ್ನ ಕಳಿಸಿದೆ ನೋಡು. ಮೋಟಾರು ನಂಬಿ ಕಳಿಸಿದೆ." ಮಗಳು ಓದಿನಲ್ಲಿ ಮುಂದಿದ್ದಳು. ಮುಂದಿನ ಓದಿಗೆ ದಿನವೂ ಮೋಟಾರಿನಲ್ಲಿ ಗದಗಕ್ಕೆ ಹೋಗಿಬರಬೇಕು. ಅಕ್ಕ ಬಿಡಲಿಲ್ಲ. "ಮೋಟಾರು ಕೈ ಕೊಡ್ತಾವವ್ವಾ. ನನಗ ಗೊತ್ತೈತಿ. ನಿಮ್ಮ ಚಿಗವ್ವನ್ನ ಕೇಳು ಬೇಕಾದ್ರ," ಅಂದಳು. ಹುಡುಗಿ ನನ್ನನ್ನು ನೋಡಿದಳು. ನಾನು ಚಹಾದ ಬಟ್ಟಲಿನ ತಳ ನೋಡಿದೆ. ಮೂರು ಇಯತ್ತೆ ಓದಿದವಳು ಇನ್ನೊಬ್ಬಳ ಓದನ್ನೂ ಹಾಗೆ ನಿಲ್ಲಿಸಿದೆ.

ಮೊನ್ನೆ ಸೊಸೆಯ ಕೈಯಿಂದ ಕೌದಿ ಕಿತ್ತುಕೊಂಡು ಮುಖಕ್ಕೆ ಹಿಡಿದೆ. ನಾಲ್ಕು ಹೆಂಗಸರ ವಾಸನೆ ಎಂದೋ ಹೋಗಿದೆ. ಇರುವುದು ಟ್ರಂಕಿನ ವಾಸನೆ. ಮರುದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತೊಲೆಗೆ ಒಂದು ಜೋಲಿ, ಅದರಲ್ಲಿ ಮಗಳ ಮೊಮ್ಮಗು, ಅದರ ಹಗ್ಗ ಅವಳ ಕಾಲ ಹೆಬ್ಬೆರಳಲ್ಲಿ. ನನ್ನನ್ನು ಕಂಡು, "ಬಾರೇ ಹುಚ್ಚಿ. ಮೋಟಾರು ನೆಟ್ಟಗ ಬಂತೇನು?" ಅಂದಳು. ಈಗಲೂ ಬಸ್ಸಿಗೆ ಅವಳು ಮೋಟಾರೇ ಅನ್ನುತ್ತಾಳೆ.

ಕೌದಿಯನ್ನು ಅವಳ ತೊಡೆಯ ಮೇಲಿಟ್ಟೆ. ಅಂಚು ಸವರಿ ಒಂದೊಂದು ತುಂಡಿನ ಮೇಲೆ ಬೆರಳಿಟ್ಟಳು. "ಇದು ಯಲ್ಲವ್ವಂದು. ಒಗದಿಲ್ಲಲ್ಲಾ ಮತ್ತ?" ಎಂದು ಕಣ್ಣು ಕಿರಿದು ಮಾಡಿ ನಕ್ಕಳು. ಜೋಲಿಯ ತಪ್ಪನ್ನು ಅವಳು ಎಂದೋ ನಗೆಗೆ ಹಾಕಿಬಿಟ್ಟಿದ್ದಳು. ಇನ್ನೊಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅಕ್ಕಾ, ಆವತ್ತ ಮೋಟಾರು ಕೆಟ್ಟಿರಲಿಲ್ಲ."

ಕಾಲಿನ ಹಗ್ಗ ನಿಂತಿತು. ಜೋಲಿಯೊಳಗೆ ಕೂಸು ಮಿಸುಕಿತು. ನಾನು ಬಾಗಿ ಅವಳ ಬೆರಳಿನಿಂದ ಹಗ್ಗ ಬಿಡಿಸಿ ನನ್ನ ಕೈಗೆ ಸುತ್ತಿಕೊಂಡೆ, ತೂಗುತ್ತ ಉಳಿದದ್ದನ್ನೂ ಹೇಳಿದೆ:

"ಹೊತ್ತಿಗೆ ಸರಿಯಾಗಿ ಬಂದಿತ್ತು. ಜಾಗಾ ಇತ್ತು. ಕಂಡಕ್ಟರು ಗೇಟಿನ ತನಕಾ ಬಂದು ಕರದ. ನಾನ ಹತ್ತಲಿಲ್ಲ, ರೈಲು ನೋಡಬೇಕಂತ. ನೀ ಕಳಿಸಿದ್ದು ತಪ್ಪಲ್ಲಕ್ಕಾ. ನಾ ತಿರುಗಿ ಬರಲಿಲ್ಲಲ್ಲ, ಅದು ತಪ್ಪು. ಇಷ್ಟು ವರ್ಷ ನಿನ್ನ ಮ್ಯಾಲೆ ಹೊರಿಸಿ ಸುಮ್ಮನಿದ್ನೆಲ್ಲ, ಅದು ಇನ್ನೂ ದೊಡ್ಡ ತಪ್ಪು. ನನ್ನ ಕ್ಷಮಾ ಮಾಡು, ಅಕ್ಕಾ."