ಮೊಣಕೈ ಶಾಸ್ತ್ರ

ಮಡಂತ್ಯಾರಿನ ಸುತ್ತಮುತ್ತ ಮಗು ಹುಟ್ಟಿತೆಂದರೆ ಮೊದಲ ಫೋನು ಅಜ್ಜಿಯಂದಿರಿಗೆ, ಎರಡನೆಯದು ಸೇಸಮ್ಮನಿಗೆ. ಎಪ್ಪತ್ತೆರಡು ವರ್ಷದ ಈ ಮುದುಕಿಯಷ್ಟು ಚೆನ್ನಾಗಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವವರು ಪುಂಜಾಲಕಟ್ಟೆಯವರೆಗೆ ಹುಡುಕಿದರೂ ಸಿಗುವುದಿಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳೆಂದರೆ ಮನೆಯ ಹಂಚು ಹಾರುವಂತೆ ಅಳುತ್ತಿದ್ದದ್ದೂ ಆಕಳಿಸತೊಡಗುತ್ತದೆ. ಇದು ಊರಿಗೆಲ್ಲ ಗೊತ್ತಿದ್ದ ಗುಣ. ಗೊತ್ತಿಲ್ಲದ ಗುಣ ಇನ್ನೊಂದಿತ್ತು. ಸೇಸಮ್ಮನಷ್ಟು ಗಂಭೀರವಾಗಿ ಸುಳ್ಳು ಹೇಳುವವರು ವಕೀಲರಲ್ಲೂ ಕಡಿಮೆ. ಕಣ್ಣು ಮಿಟುಕಿಸದೆ, ತುಟಿ ಅಲುಗಿಸದೆ ಹೇಳಿ ಮುಗಿಸಿ, ಆಮೇಲೆ ದಾರಿಯಲ್ಲಿ ಒಬ್ಬಳೇ ನಗುತ್ತಾಳೆ.

ಎಣ್ಣೆಯ ವಿಷಯದಲ್ಲಿ ಮಾತ್ರ ಅವಳದ್ದು ಒಂದೇ ಮಾತು. ಗಾಣದಲ್ಲಿ ತೆಗೆದ ಬರೀ ತೆಂಗಿನೆಣ್ಣೆ, ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡದ್ದು, ಅಷ್ಟೆ. ಬಣ್ಣ ಕೂಡದು, ಪರಿಮಳ ಕೂಡದು. “ಮಗುವಿನ ಚರ್ಮ ಅಂದ್ರೆ ಬಾಳೆಯ ಸುಳಿ. ಮೂಗಿಗೆ ಹಿತ ಆದದ್ದು ಚರ್ಮಕ್ಕೂ ಹಿತ ಆಗ್ತದೆ ಅಂತ ಯಾರು ಹೇಳಿದ್ದು?” ಎನ್ನುತ್ತಿದ್ದಳು. ತೊಂದರೆ ಏನೆಂದರೆ, ಹಚ್ಚುವ ಕೈ ಸೇಸಮ್ಮನದಾದರೂ ಎಣ್ಣೆ ಯಾವುದೆಂದು ತೀರ್ಮಾನಿಸುವವರು ಅಜ್ಜಿಯಂದಿರು. ಮೀಯಿಸುವವಳ ಬುದ್ಧಿವಾದ ಯಾರಿಗೆ ಬೇಕು?

ನಾಲ್ಕು ವರ್ಷದ ಹಿಂದೆ ಪುಂಜಾಲಕಟ್ಟೆಯಲ್ಲಿ, ನಿವೃತ್ತ ಟೀಚರ್ ವಾಗ್ದೇವಿಯವರ ಮನೆಗೆ ಮಗಳು ಶ್ರಾವ್ಯಾ ಬಾಣಂತನಕ್ಕೆ ಬಂದಿದ್ದಳು. ಹದಿನಾರನೆಯ ದಿನ ಅವಳ ಅತ್ತೆ ಬಂದರು, ಜೊತೆಗೆ ಚಿನ್ನದ ಬಣ್ಣದ ಮುಚ್ಚಳದ ಒಂದು ಬಾಟಲಿಯೂ ಬಂತು. ಸೇಸಮ್ಮ ಮೂಸಿ ನೋಡಿದಳು. ಊದಿನಕಡ್ಡಿ ಅಂಗಡಿಗೇ ನುಗ್ಗಿದ ಹಾಗಾಯಿತು.

ವಾಗ್ದೇವಿಯವರು ಅವಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. “ಇದನ್ನೇ ಹಚ್ಚಬೇಕಂತೆ ಸೇಸಮ್ಮ. ನಾನು ಬೇಡ ಅನ್ನುವುದು ಹೇಗೆ? ಮಗಳು ನಾಳೆ ಅವರ ಮನೆಯಲ್ಲಿ ಬದುಕಬೇಕಲ್ಲ.”

ಚರ್ಮ, ತುರಿಕೆ ಎಂದು ವಿವರಿಸಿದರೆ ನಡೆಯುವುದಿಲ್ಲವೆಂದು ಸೇಸಮ್ಮನಿಗೆ ಗೊತ್ತು. ಆದರೆ ಶಾಸ್ತ್ರ ಎಂದರೆ ಇಂಜಿನಿಯರ್ ಕೂಡ ತಲೆ ಬಾಗಿಸುತ್ತಾನೆ. ಅವಳು ನೇರವಾಗಿ ಚಾವಡಿಗೆ ಹೋಗಿ ಆ ಅತ್ತೆಯ ಮುಂದೆ ನಿಂತಳು.

“ಎಣ್ಣೆ ಬಹಳ ಒಳ್ಳೆಯದುಂಟು ಅಮ್ಮ. ಶಾಸ್ತ್ರ ಒಂದು ಬಾಕಿ ಉಂಟಲ್ಲ.”

“ಯಾವ ಶಾಸ್ತ್ರ?”

“ಎಣ್ಣೆ ಕೊಟ್ಟವರು ಮೊದಲು ತಮ್ಮ ಮೊಣಕೈ ಮಡಚುವಲ್ಲಿ ಹಚ್ಚಿಕೊಳ್ಳಬೇಕು. ಒಂದು ದಿನ ಪೂರ್ತಿ ನೀರು ತಾಗಿಸಬಾರದು. ಆಮೇಲೆ ಮಗುವಿಗೆ. ಇಲ್ಲದಿದ್ರೆ ಅಜ್ಜಿಯ ಆಯುಷ್ಯ ಮಗುವಿಗೆ ಹರಿಯುವುದಿಲ್ಲ ಅಂತ ಹಿಂದಿನವರು ಹೇಳ್ತಾರೆ.”

ಆಯುಷ್ಯದ ಮಾತು ಬಾಯಿಗೆ ಬರುವವರೆಗೆ ಸೇಸಮ್ಮನಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಅತ್ತೆ ಮೊಣಕೈ ಕೆರೆಯುತ್ತ ಬಂದು, “ಇದು ಸ್ವಲ್ಪ ದೊಡ್ಡ ಮಕ್ಕಳಿಗೆ ಅಂತ ಕಾಣ್ತದೆ” ಎಂದು ಬಾಟಲಿಯನ್ನು ತಾವೇ ಬ್ಯಾಗಿಗೆ ಹಾಕಿಕೊಂಡರು. ಯಾರ ಮಾನವೂ ಹೋಗಲಿಲ್ಲ. ಮಗುವಿಗೆ ಬರೀ ತೆಂಗಿನೆಣ್ಣೆ ಸಿಕ್ಕಿತು. ಸೇಸಮ್ಮ ಮಡಂತ್ಯಾರಿನವರೆಗೆ ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಸುಳ್ಳಿಗೆ ಕಾಲಿಲ್ಲ ಎನ್ನುವವರು ಈ ಸುಳ್ಳನ್ನು ನೋಡಬೇಕಿತ್ತು. ಎರಡು ವರ್ಷ ಆಗುವುದರೊಳಗೆ ಅದು ಮೂಡಬಿದಿರೆ ದಾಟಿ ಪುತ್ತಿಗೆ ಮುಟ್ಟಿತ್ತು. ಅಲ್ಲಿ ಯಾರೋ ಮೊಣಕೈಗೆ ಅರಶಿನದ ದಾರ ಕಟ್ಟುವುದನ್ನೂ ಸೇರಿಸಿದ್ದರು. ಒಮ್ಮೆ ಬಂಟ್ವಾಳದ ಪೇಟೆಯಲ್ಲಿ, ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಇದೇ ಕೆಲಸ ಮಾಡುವ ಬೀಪಾತುಮ್ಮ ಸಿಕ್ಕಿ, “ನಿಮ್ಮಲ್ಲಿ ದಾರ ಎಲ್ಲ ಕಟ್ತಾರಂತೆ. ನಮ್ಮಲ್ಲಿ ದಾರ ಇಲ್ಲ, ಹಚ್ಚುವುದು ಮಾತ್ರ” ಎಂದಳು. ಸೇಸಮ್ಮ ಮುಖದ ಒಂದು ಗೆರೆಯನ್ನೂ ಅಲುಗಿಸದೆ, “ಒಂದೊಂದು ಕಡೆ ಒಂದೊಂದು ಕ್ರಮ” ಎಂದಳು.

ಹೀಗಿರುವಾಗ ಸೇಸಮ್ಮನ ಮನೆಯಲ್ಲೇ ತೊಟ್ಟಿಲು ಕಟ್ಟುವ ಕಾಲ ಬಂತು. ಮಗ ದಯಾನಂದನ ಮಗಳು ವಿಸ್ಮಿತಾ ಹೆಣ್ಣು ಹೆತ್ತಳು. ಸೇಸಮ್ಮನಿಗೆ ಮೊದಲ ಮರಿಮಗು. ಆಯುಷ್ಯವಿಡೀ ಅವಳು ಯಾರದ್ದೋ ಎಣ್ಣೆಯನ್ನು ಯಾರದ್ದೋ ಮಕ್ಕಳಿಗೆ ಹಚ್ಚಿದವಳು. ಸ್ವಂತ ಮಕ್ಕಳು ಹುಟ್ಟಿದಾಗ ತಿಂಗಳು ತುಂಬುವ ಮೊದಲೇ ಬೀಡಿ ಕಟ್ಟಲು ಕುಳಿತಿದ್ದಳು, ಮಕ್ಕಳನ್ನು ಮೀಯಿಸಿದ್ದು ಅತ್ತೆ. ಆ ಸಂಕಟ ಐವತ್ತು ವರ್ಷವಾದರೂ ಹೋಗಿರಲಿಲ್ಲ. ಈ ಮಗುವಿಗಾದರೂ ಮೊದಲ ಎಣ್ಣೆ ತನ್ನದೇ ಆಗಬೇಕು, ತಾನೇ ಕಾಯಿಸಿದ್ದಾಗಬೇಕು ಎಂದು ಅವಳು ಹಟ ಹಿಡಿದಿದ್ದಳು.

ಪ್ರೀತಿ ಉಕ್ಕಿದಲ್ಲಿ ಬುದ್ಧಿ ನಿಲ್ಲುತ್ತದೆಯೇ? ಊರಿಗೆಲ್ಲ ಬರೀ ಎಣ್ಣೆ ಸಾಕು ಎಂದು ಬೋಧಿಸಿದವಳು ತನ್ನ ಬಾಣಲೆಗೆ ಗರಿಕೆ ಹಾಕಿದಳು, ಬಜೆ ಹಾಕಿದಳು, ಕಸ್ತೂರಿ ಅರಶಿನ ಹಾಕಿದಳು. ವೀಳ್ಯದೆಲೆ ಬಿತ್ತು. ಪರಿಮಳಕ್ಕೆ ಲವಂಗ ಬಿತ್ತು. ಶೀತ ಆಗದಿರಲಿ ಎಂದು ಕಾಳುಮೆಣಸನ್ನೂ ಕುಟ್ಟಿ ಹಾಕಿದಳು. ಘಾಟಿಗೆ ಸೀನುತ್ತ ಒಳಗೆ ಬಂದ ದಯಾನಂದ ಬಾಣಲೆಗೆ ಇಣುಕಿ ನೋಡಿದ.

“ಅಮ್ಮ, ಇದು ಎಣ್ಣೆಯಾ, ಸಾರಾ?”

“ನಿನಗೆಂತ ಗೊತ್ತು? ಆಚೆ ಹೋಗು ಮಾರಾಯ.”

ವಿಸ್ಮಿತಾ ಮಗುವಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದ ವಾರಕ್ಕೆ ಅವಳ ಅತ್ತೆ ಕುಸುಮಾವತಿ ಬೆಳ್ತಂಗಡಿ ಕಡೆಯಿಂದ ಬಂದಳು. ಅವಳೂ ಎಣ್ಣೆ ತಂದಿದ್ದಳು. ಸೇಸಮ್ಮ ಮೂಸಿದಳು. ಸ್ವಂತ ತೋಟದ ಕೊಬ್ಬರಿಯದ್ದು, ಶುದ್ಧ ತೆಂಗಿನೆಣ್ಣೆ, ತೆಗಳಲು ಏನೂ ಇಲ್ಲ. ಅವಳಿಗೆ ಬಹಳ ಸಿಟ್ಟು ಬಂತು.

ಮಗು ಒಂದು, ಎಣ್ಣೆ ಎರಡು. ವಿಸ್ಮಿತಾ ಸುಲಭದ ದಾರಿ ಹೇಳಿದಳು. “ಅಜ್ಜಿ, ನೀವಿಬ್ಬರೂ ಮೊಣಕೈ ಶಾಸ್ತ್ರ ಮಾಡಿ. ನಾಳೆ ಮೀಯಿಸುವ.”

ಜಗಲಿಯ ಬೆಂಚಿನಲ್ಲಿ ಇಬ್ಬರೂ ತೋಳು ಚಾಚಿ ಕುಳಿತರು. ವಿಸ್ಮಿತಾ ಅವರವರ ಎಣ್ಣೆಯನ್ನು ಅವರವರ ಎಡಗೈಗೆ ಹಚ್ಚಿದಳು.

ಚಹಾದ ಹೊತ್ತಿಗೆ ಸೇಸಮ್ಮನ ಕೈ ತುರಿಸತೊಡಗಿತು. ಮರುದಿನ ಬೆಳಿಗ್ಗೆ ನೋಡಿದರೆ ಕೆಂಪಾಗಿ, ಸಾಸಿವೆಯಂಥ ಗುಳ್ಳೆಗಳೂ ಎದ್ದಿದ್ದವು. ಕಾಯಿಸುವಾಗ ಅಂಗೈಗೆ ಏನೂ ಅನಿಸಿರಲಿಲ್ಲ. ಐವತ್ತು ವರ್ಷ ದುಡಿದ ಅಂಗೈಗೆ ಬೆಂಕಿ ತಾಗಿದರೂ ಗೊತ್ತಾಗುವುದಿಲ್ಲ. ಸೇಸಮ್ಮ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. ಬಲಗೈ ತೋರಿಸಿದರೆ ಹೇಗೆ? ಯಾವ ಕೈಗೆ ಹಚ್ಚಿದ್ದೆಂದು ಯಾರಿಗೆ ನೆನಪಿರುತ್ತದೆ? ಒಂದೇ ಒಂದು ಹನಿಯನ್ನು ಬರೀ ಎಣ್ಣೆಗೆ ಬೆರೆಸಿ, ಮಗುವಿನ ಕಾಲಿಗೆ ಹೆಸರಿಗೆ ಮುಟ್ಟಿಸಿದರೆ ಏನಾದೀತು? ಹೀಗೆ ಯೋಚಿಸುತ್ತಿದ್ದ ತನ್ನ ಮೇಲೆಯೇ ಅವಳಿಗೆ ನಾಚಿಕೆಯಾಯಿತು. ಆದರೂ ಆಸೆ ಬಿಡಲಿಲ್ಲ.

ಕಡೆಗೆ, ವಿಸ್ಮಿತಾ ಮೊಣಕೈ ನೋಡಲು ಬಂದಾಗ, ಸೇಸಮ್ಮ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ನಿಜ ಹೇಳಿದಳು.

“ಕೈ ಎಲ್ಲ ನೋಡುವುದು ಬೇಡ ಮಗಾ. ಅದು ಶಾಸ್ತ್ರವೇ ಅಲ್ಲ. ವಾಗ್ದೇವಿ ಅಕ್ಕನ ಮನೆಯಲ್ಲಿ ನಾನೇ ಹುಟ್ಟಿಸಿದ ಸುಳ್ಳು.”

ವಿಸ್ಮಿತಾ ನಕ್ಕುಬಿಟ್ಟಳು. ಕುಸುಮಾವತಿ ನಗಲಿಲ್ಲ.

“ಹಾಗೆಲ್ಲ ಹೇಳಬೇಡಿ ಅಮ್ಮ. ನಮ್ಮಲ್ಲಿ ನನ್ನ ಮುತ್ತಜ್ಜಿಯ ಕಾಲದಿಂದ ಉಂಟು ಇದು. ನನ್ನ ಗಂಡ ಹುಟ್ಟಿದಾಗಲೂ ಮಾಡಿದ್ರಂತೆ.”

ಕಣ್ಣು ಮಿಟುಕಲಿಲ್ಲ, ತುಟಿ ಅಲುಗಲಿಲ್ಲ. ಸೇಸಮ್ಮ ಬಾಯಿ ತೆರೆದು ನೋಡುತ್ತಲೇ ಇದ್ದಳು. ಕುಸುಮಾವತಿ ಹತ್ತಿರ ಬಂದು ಕುಳಿತು ಸೆರಗನ್ನು ಒಂದು ಬೆರಳಿನಿಂದ ಸರಿಸಿ, ಕೆಂಪು ಮೊಣಕೈಯನ್ನು ನೋಡಿದಳು. ವಿಸ್ಮಿತಾಳಿಗೆ ಕಾಣುವ ಮೊದಲೇ ಸೆರಗನ್ನು ಮತ್ತೆ ಮುಚ್ಚಿದಳು.

“ಅಜ್ಜಿಯ ಎಣ್ಣೆ ಒಳ್ಳೆಯದೇ ಉಂಟು” ಎಂದಳು ಸೊಸೆಗೆ. “ಆದ್ರೆ ನಮ್ಮಲ್ಲಿ ಒಂದು ಕ್ರಮ. ಮೊದಲ ಎಣ್ಣೆ ಗಂಡನ ಮನೆಯದ್ದು, ಹಚ್ಚುವ ಕೈ ತವರಿನ ಹಿರಿಯರದ್ದು. ಬೇರೆ ಕೈ ತಾಗಿದ್ರೆ ಮಗುವಿಗೆ ನಿದ್ರೆ ಬರುವುದಿಲ್ಲ ಅಂತ ಹಿಂದಿನವರು ಹೇಳ್ತಾರೆ.”

ಇಷ್ಟು ವರ್ಷ ಸೇಸಮ್ಮ ಬೇರೆಯವರ ಮಾನ ಉಳಿಸಲು ಸುಳ್ಳು ಹೇಳಿದ್ದಳು. ತನ್ನ ಮಾನಕ್ಕಾಗಿ ಒಬ್ಬರು ಸುಳ್ಳು ಹೇಳಿದ್ದು ಇದೇ ಮೊದಲು. ಅವಳು ಮೆಲ್ಲಗೆ ಕೇಳಿದಳು. “ಇದು ಯಾವ ಕಾಲದಿಂದ ಉಂಟು?”

“ಬಹಳ ಹಿಂದಿನದ್ದು” ಎಂದಳು ಕುಸುಮಾವತಿ. “ನೀರು ಬಿಸಿ ಆಗಿದೆ, ನಡೆಯಿರಿ.”

ಸೇಸಮ್ಮ ಬಚ್ಚಲಲ್ಲಿ ಕಾಲು ನೀಡಿ ಕುಳಿತಳು. ತನ್ನ ಎಣ್ಣೆ ಅಲ್ಲವಲ್ಲ ಎಂಬ ಬೇಸರ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಮರಿಮಗುವಿನ ಅಂಗಾಲಿನಿಂದ ತೊಡೆಯವರೆಗೆ ಹೆಬ್ಬೆರಳು ಏರಿ ಇಳಿಯುತ್ತಿದ್ದಂತೆ, ಅದು ಮುಷ್ಟಿ ಬಿಚ್ಚಿ ಆಕಳಿಸಿತು. ಐವತ್ತು ವರ್ಷದ ಸಂಕಟ ಅಲ್ಲೇ ಸ್ವಲ್ಪ ಸಡಿಲವಾಯಿತು. ಸೇಸಮ್ಮ ಕಣ್ಣನ್ನು ಭುಜಕ್ಕೆ ಒರೆಸಿಕೊಂಡು ಒಳಗಿನಿಂದಲೇ ಕರೆದಳು.

“ಕುಸುಮಾವತಿ, ಇನ್ನು ನಾಲ್ಕು ದಿನ ಇದ್ದು ಹೋಗು ಮಾರಾಯ್ತಿ. ನಿಮ್ಮಲ್ಲಿ ಬೇರೆ ಎಂತೆಂತ ಶಾಸ್ತ್ರ ಉಂಟು ಅಂತ ನನಗೆ ಕೇಳಲಿಕ್ಕುಂಟು.”